ಸಾಗವಾನಿ ಫೋಟೋ

ಉದ್ಯಮಬಾಗದ ಶೆಡ್ಡಿನೊಳಗ ನಿಂತದ ನಮ್ಮ ಗಾಡಿ,
ಹನ್ನೆರಡು ಸೀಟು ಕಿತ್ತು ಎರಡು ಹಾಸಿಗಿ ಮಾಡಿದ ಟೆಂಪೊ.
ಕೊಲ್ಲಾಪುರದ ಯಾರೋ ಆಸೆಪಟ್ಟು ಮಾಡಿಸಿ
ಎರಡ ಸಲ ಓಡಿಸಿ, ಬ್ಯಾಸತ್ತು ಮಾರಿದ್ದು.
ಅರ್ಧ ರೊಕ್ಕ ನಂದು, ಅರ್ಧ ಫಿಲೋಮಿನಾಂದು.
ಆಕಿ ಮೂವತ್ತೊಂದು ವರ್ಷ ಮಂದಿ ರಕ್ತ ನೋಡಿದಾಕಿ, ಕೊಳವಿಯೊಳಗ;
ನಾ ಹೆಚ್ಚೂಕಮ್ಮಿ ಅಷ್ಟ ವರ್ಷ ಶಿಳ್ಳಿ ಊದಿದಾಕಿ, ಬಯಲಾಗ.

ಒಳಗ ಏಳು ಕಪಾಟು.
ವಿನಿಯರ್ ರೀ, ಅಸಲಿ ಸಾಗವಾನಿ, ಅಂದಿದ್ದ ಮಾರಿದಾಂವ.
"ಸಾಗವಾನಿ ಅಲ್ರಿ ಟೀಚರ," ಅಂದ ದಾವಲಸಾಬ,
ಉಗುರಿಲೆ ಅಂಚು ಎಬ್ಬಿಸಿ, "ಸಾಗವಾನಿ ಫೋಟೋ.
ಕೆಳಗ ಕಟಗಿ ಹೊಟ್ಟು. ಜೋರ ತಿಕ್ಕಿದ್ರ ಹೊಟ್ಟ ಬರತೈತಿ."
(ಇವನೂ ನನ್ನ ಶಿಳ್ಳಿಗೆ ಓಡಿದಾಂವ. ಎಂದೂ ಮೊದಲ ಬಂದಾಂವಲ್ಲ.)
ನೋಡಿದೆ. ಹೌದು.
ಎರಡು ಗೇಣಿಗೊಮ್ಮೆ ಅದ ಗಂಟು, ಅದ ಬಳುಕು.
ಎಲ್ಲೋ ಒಂದು ಮರಾ ಒಮ್ಮೆ ಕ್ಯಾಮೆರಾ ಮುಂದ ನಿಂತು
ಊರ ತುಂಬ ಕಪಾಟ ಆಗೇದ.

ಹಿಡಿಕಿ ಬಿಚ್ಚಿದ್ವಿ, ಬಿಜಾಗರಿ ಬಿಚ್ಚಿದ್ವಿ,
ಸ್ಕ್ರೂ ಎಲ್ಲಾ ಸ್ಟೀಲ ಬಟ್ಟಲಕ್ಕ.
ಫಿಲೋಮಿನಾ ಬಾಗಲಾ ಬಾಗಲಕ್ಕ ನಂಬರ ಬರದ ಚೀಟಿ ಅಂಟಿಸಿದ್ಲು,
ತಾರೀಖ ಸಹಿತ.
ಸೋಡಾ ನೀರಿಲೆ ಒರಸಿದರ ಅರಿವಿ ಹಳದಿ:
ಕಂಡರಿಯದ ಮಂದಿ ಕರದ ಭಜಿ ಎಣ್ಣಿ.
ಆಮ್ಯಾಲ ಸಣ್ಣ ಪಾಲಿಶ್ ಕಾಗದ, ಮೆತ್ತಗ,
ಬಿದ್ದ ಹುಡುಗನ ಮೊಳಕಾಲ ತೊಳದಷ್ಟ ಮೆತ್ತಗ.
ಹೊಳಪು ಹೋಗಬೇಕು, ತೊಗಲು ಹೋಗಬಾರದು.

ಪ್ರೈಮರ್ ಹಚ್ಚಿ ಚಾ ಕುಡದ ಬರೂದರಾಗ
ಬಾಜೂಕಿನ ಫೌಂಡ್ರಿಯವರು ಭಟ್ಟಿ ಬಾಯಿ ತಗದಿದ್ದರು.
ಬಿಳೆ ಬಾಗಲಾದ ತುಂಬ ಸಾಸಿವಿ ಒಗ್ಗರಣಿ.
ಫಿಲೋಮಿನಾ ಕೊಂಕಣಿಯೊಳಗ ಏನೋ ಅಂದ್ಲು,
ಅರ್ಥ ನಾ ಕೇಳಲಿಲ್ಲ.
ಅವತ್ತಿಂದ ಫೌಂಡ್ರಿ ಸುಟ್ಟಿ ಇದ್ದ ದಿನಾನ ನಮ್ಮ ಕೆಲಸ.

ಬಣ್ಣಕ್ಕ ಎಂಟು ದಿನ ಜಗಳ.
ಅಂಗಡಿ ಕಾರ್ಡಿನ ಹೆಸರು ಇಬ್ಬರಿಗೂ ಹಿಡಸಲಿಲ್ಲ,
ನಾವ ಇಟ್ವಿ: ಮಜ್ಜಿಗಿ. ಹಸಿ ಅವರಿ.
ದವಾಖಾನಿ ಗ್ವಾಡಿ, ಇದನ್ನ ಆಕಿ ಹೊಡದ ಹಾಕಿದ್ಲು.
ಶಾಲಿ ಬೆಂಚು, ಇದನ್ನ ನಾನು.
ಕಡೀಕ ಉಳದದ್ದು ನೆನೆಸಿದ ಹೆಸರಕಾಳು,
ಸಿಪ್ಪಿ ಬಿಡೂ ಮುಂಚಿನದು.

ಐದನೇ ಬಾಗಲಾ ಎಂದೂ ಸರಿ ಮುಚ್ಚತಿದ್ದಿಲ್ಲ.
ಗಾಡಿ ವಾಲೇತಿ ಅಂದ ಒಬ್ಬಾಂವ,
ಮಳಿಗೆ ಉಬ್ಬೇತಿ ಅಂದ ಇನ್ನೊಬ್ಬಾಂವ.
ಕಪಾಟಿನ ಒಳಮೈಗೆ ಬ್ಯಾಟರಿ ಹಿಡದರ ಸಿಕ್ಕಿತು
ಬಡಿಗ್ಯಾ ಪೆನ್ಸಿಲ್ಲಿಲೆ ಬರದ ಲೆಕ್ಕ, ಮರಾಠಿ ಅಂಕಿ:
ಹದಿನೆಂಟು, ಹದಿನೆಂಟು, ಏಳು.
ಕೆಳಗ ಗೆರಿ. ಗೆರಿ ಕೆಳಗ ನಲವತ್ತೆರಡು.

ನಾ ಕೂಡಿಸಿದೆ. ದಾವಲಸಾಬ ಬೆರಳಿಲೆ ಕೂಡಿಸಿದ.
ಒಂದು ಕಮ್ಮಿ.
"ನಾ ಆಗಿದ್ರ ಎರಡ ಸಲ ನೋಡತಿದ್ದೆ," ಅಂದ್ಲು ಫಿಲೋಮಿನಾ,
ಅಂದು, ಸುಮ್ಮಾದ್ಲು.
ಬ್ರಶ್ಶಿನ ಕೂದಲಾ ಒಂದೊಂದ ಆರಿಸಿ ತಗದ್ಲು ಬಾಳ ಹೊತ್ತು.
ಆಕೀಗೂ ಒಂದು ರಿಪೋರ್ಟ ಇರಬೇಕು.
ಕೇಳಲಿಲ್ಲ.

"ಇದರ ಮ್ಯಾಲೂ ಹೊಡೀಲೇನ್ರಿ?" ದಾವಲಸಾಬನ ಕೈಯಾಗ ಬ್ರಶ್ಶು.
ಆಕಿ ಉತ್ತರಾ ಕೊಡದ ಟೇಪು ಹರದು
ಲೆಕ್ಕದ ಸುತ್ತ ನಾಕೂ ಕಡೆ ಅಂಟಿಸಿದ್ಲು, ನೆಟ್ಟಗ.
ಬಣ್ಣ ಒಣಗಿದ ಮ್ಯಾಲ ಟೇಪು ಕಿತ್ತರ
ಹೆಸರಿನ ನಡುವ ಒಂದು ಪೋಸ್ಟಕಾರ್ಡ ಅಗಲ ಹಳೇ ಪ್ಲೈವುಡ್ಡು.

ಮೊದಲನೇ ಟ್ರಿಪ್ಪು ಮಚ್ಛೆತನಕ ಅಷ್ಟ,
ಕಪಾಟು ಬಡಕೋತಾವೇನ ನೋಡಾಕ.
ಆರು ಸುಮ್ಮ ಕೂತಾವು, ಪರೀಕ್ಷಾ ಹುಡುಗೂರ ಹಂಗ.
ಐದನೇದ್ದಕ್ಕ ನನ್ನ ಶಿಳ್ಳಿ ದಾರಾ ಬಿಗದೇವಿ.
ತಗ್ಗು ಬಂದಾಗೊಮ್ಮೆ ಅದು ಬೆರಳಷ್ಟ ತೆರದು
ನಲವತ್ತೆರಡು ಅನ್ನತದ,
ಮತ್ತ ಮುಚ್ಚತದ,
ಮುಚ್ಚಿದಂಗ ಮಾಡತದ.